ಅಪ್ಪನ ಇಂಜಿನ್ನಿನ ಸದ್ದು

ಎಲ್ಲ ಅನಾಹುತಕ್ಕೂ ಕಾರಣ ಒಂದು ಸ್ಪೀಕರ್. ಅಂಗಿಯ ಗುಂಡಿಗಿಂತ ತುಸು ದೊಡ್ಡದು. ಅದು ಗೇಣುದ್ದದ ಒಂದು ಮಾಡೆಲ್ ಉಗಿಬಂಡಿಯ ಹೊಟ್ಟೆಯಲ್ಲಿ ಕೂತಿತ್ತು, ಉಗಿಬಂಡಿ ನಮ್ಮ ಗುಮಾಸ್ತನ ಊಟದ ಮೇಜಿನ ಮೇಲೆ ಹಾಸಿದ ಹಳಿಯ ಮೇಲೆ ನಿಂತಿತ್ತು. ಗುಮಾಸ್ತನ ಜೀವವೂ ಅಲ್ಲೇ ಎಲ್ಲೋ ಸಿಕ್ಕಿಕೊಂಡಿತ್ತು.

ಗುಮಾಸ್ತನ ಅಪ್ಪ ಮೂವತ್ತನಾಲ್ಕು ವರ್ಷ ನಿಜವಾದ ಉಗಿಬಂಡಿ ಓಡಿಸಿದವರು. ಮಗನೂ ಓಡಿಸಲಿ ಎಂದು ಕಣ್ಣಿನ ಪರೀಕ್ಷೆಗೆ ಕಳಿಸಿದ್ದರು. ಮಗ ಹಸಿರು ದೀಪವನ್ನು ನೋಡಿ ಕೆಂಪು ಅಂದ. ಅಲ್ಲಿಗೆ ಮುಗಿಯಿತು. ನೋಂದಣಿ ಕಚೇರಿಯಲ್ಲಿ ನಕಲು ಬರೆಯುವ ಕೆಲಸ ಸಿಕ್ಕಿತು, ಮದುವೆಯಾಯಿತು, ಮೂರನೇ ಮಹಡಿಯಲ್ಲಿ ಒಂದು ಮನೆಯಾಯಿತು. ಈ ಯಾವುದಕ್ಕೂ ಅಪ್ಪ "ಪರವಾಗಿಲ್ಲ ಕಣೋ" ಅಂದಿರಲಿಲ್ಲ. ಗುಮಾಸ್ತನಿಗೆ ಐವತ್ತು ತುಂಬಿತ್ತು, ತಲೆ ಮುಕ್ಕಾಲು ಬೋಳಾಗಿತ್ತು. ಆದರೂ ಅಪ್ಪನ ಬಾಯಿಂದ ಆ ಮಾತೊಂದು ಬರಬೇಕೆಂದು ಒಳಗೊಳಗೇ ಹಂಬಲಿಸುತ್ತಿದ್ದ. ಅಪ್ಪನಿಗೆ ಎಂಬತ್ತನಾಲ್ಕು. ಇನ್ನೆಷ್ಟು ದಿನ ಕಾಯುವುದು?

ಅದಕ್ಕೇ ಮಾಡೆಲ್ ರೈಲಿನ ಅಂಗಡಿಯವನ ಪ್ರಾಣ ಹಿಂಡಿ, ಎರಡು ವರ್ಷ ಕಾದು ಈ ಇಂಜಿನ್ ತರಿಸಿದ್ದು. ಅಪ್ಪ ಓಡಿಸುತ್ತಿದ್ದ ಜಾತಿಯದೇ. ಆ ಜಾತಿಯಲ್ಲಿ ಗುಜರಿಗೆ ಹೋಗದೆ ಉಳಿದಿರುವುದು ಒಂದೇ ಒಂದು ಇಂಜಿನ್ನಂತೆ. ಅದರ ಪಕ್ಕದಲ್ಲಿ ಮೈಕ್ ಹಿಡಿದು ರೆಕಾರ್ಡ್ ಮಾಡಿದ ಸದ್ದನ್ನೇ ಡಿಜಿಟಲ್ ಮಾಡಿ ಇದರೊಳಗೆ ತುಂಬಿದ್ದೇವೆ ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು.

"ಅಪ್ಪನಿಗೆ ನಮ್ಮ ಮಾತೇ ಕೇಳ್ಸಲ್ಲ. ಇದರ ಸದ್ದು ಕೇಳ್ಸುತ್ತೇನ್ರೀ?" ಎಂದು ಹೆಂಡತಿ ಕೇಳಿದಳು.

"ಕೇಳ್ಸೋ ಹಾಗೆ ಮಾಡ್ತೀನಿ," ಎಂದು ಗುಮಾಸ್ತ ಸದ್ದನ್ನು ಪೂರ್ತಿ ಏರಿಸಿದ.

ಭಾನುವಾರ ಬೆಳಿಗ್ಗೆ. ಅಪ್ಪ ಸ್ನಾನಕ್ಕೆ ಹೋಗಿದ್ದರು. ಅವರು ಹೊರಗೆ ಬರುವ ಹೊತ್ತಿಗೆ ಇಂಜಿನ್ ಹದವಾಗಿ ಉಗಿ ಕಟ್ಟಿಕೊಂಡು ಹೊರಡಲು ತಯಾರಾದಂತೆ ಕೇಳಿಸಬೇಕು ಎಂದು ಗುಮಾಸ್ತನ ಲೆಕ್ಕ. ಕರೆಂಟು ಕೊಟ್ಟ ತಕ್ಷಣ ನಿಂತಲ್ಲೇ ಬುಸ್ಸ್ ಎನ್ನತೊಡಗಿತು. ಅದನ್ನು ಹಾಗೇ ಬಿಟ್ಟು, ಅಪ್ಪನ ಕಿವಿಯ ಯಂತ್ರಕ್ಕೆ ಬ್ಯಾಟರಿ ತರಲು ರಸ್ತೆಯ ಕೊನೆಯ ಅಂಗಡಿಗೆ ಓಡಿದ. ಹೆಂಡತಿ ಬಟ್ಟೆ ಒಣಗಿಸಲು ಮಹಡಿ ಹತ್ತಿದ್ದಳು.

ಬ್ಯಾಟರಿ ಹಿಡಿದು ವಾಪಸು ಬಂದರೆ ಇಡೀ ಕಟ್ಟಡ ಬೀದಿಯಲ್ಲಿತ್ತು.

ಕೆಳಮನೆಯ ನಿವೃತ್ತ ಟೀಚರ್ ಬುಸುಗುಡುವುದನ್ನು ಕೇಳಿ ಗ್ಯಾಸ್ ಸೋರುತ್ತಿದೆ ಎಂದುಕೊಂಡಿದ್ದರು. ಕಟ್ಟಡದ ಸಂಘದ ಸೆಕ್ರೆಟರಿಗೆ ಹೇಳಿದ್ದರು. ಸೆಕ್ರೆಟರಿಯಾಗಿ ಆರು ವರ್ಷವಾದರೂ ಒಂದು ಅಪಾಯವನ್ನೂ ಕಾಣದೆ ಕೊರಗಿದ್ದ ಆ ಮನುಷ್ಯ ಮೇನ್ ಸ್ವಿಚ್ ಆರಿಸಿ, ಒಂದೊಂದು ಬಾಗಿಲನ್ನೂ ಗುದ್ದಿ ಎಲ್ಲರನ್ನೂ ಕೆಳಗಿಳಿಸಿದ್ದ. ಜನರ ನಡುವೆ, ಸೊಂಟಕ್ಕೊಂದು ಟವೆಲ್ ಸುತ್ತಿ, ಮೈತುಂಬ ಸೋಪಿನ ನೊರೆಯೊಂದಿಗೆ ಅಪ್ಪ ನಿಂತಿದ್ದರು. ಗುಮಾಸ್ತನಿಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ನಿಮ್ಮನೆಯಿಂದಾನೇ ಸೋರ್ತಿರೋದು," ಅಂದರು ಟೀಚರ್. "ವಾಸನೇನೂ ಬಂತು ನಂಗೆ."

"ಗ್ಯಾಸ್ ಅಲ್ಲ ಮೇಡಂ. ಅದು ಇಂಜಿನ್ನು."

"ಮನೇಲಿ ಎಂಥ ಇಂಜಿನ್ನು?" ಸೆಕ್ರೆಟರಿ ಹತ್ತಿರ ಬಂದ. "ಪರ್ಮಿಷನ್ ತಗೊಂಡಿದ್ದೀರಾ?"

"ಮಾಡೆಲ್ ಸಾರ್. ಇಷ್ಟೇ ಇಷ್ಟು. ಅಪ್ಪನಿಗೆ ತೋರಿಸೋಣ ಅಂತ..."

"ಆಟದ ಸಾಮಾನಾ?" ಎಂದು ಹಿಂದಿನಿಂದ ಯಾರೋ ನಕ್ಕರು.

"ಅದನ್ನ ನಾವು ನೋಡಬೇಕು," ಅಂದ ಸೆಕ್ರೆಟರಿ. ಅಪಾಯ ಕೈತಪ್ಪಿ ಹೋದ ನಿರಾಸೆ ಅವನ ಮುಖದಲ್ಲಿ ಕಾಣುತ್ತಿತ್ತು. "ಕಣ್ಣಾರೆ ನೋಡದೆ ಸ್ವಿಚ್ ಹಾಕಲ್ಲ."

ಹೀಗೆ ಅಪ್ಪ ಮತ್ತು ಮಗನ ನಡುವೆ ಮಾತ್ರ ನಡೆಯಬೇಕಿದ್ದ ಸಂಗತಿಗೆ ಹದಿನಾಲ್ಕು ಜನ ಪ್ರೇಕ್ಷಕರು ಬಂದರು. ಅಪ್ಪ ನೊರೆ ಒರೆಸಿಕೊಂಡು, ಅಂಗಿ ತೊಟ್ಟು, ಹೊಸ ಬ್ಯಾಟರಿ ಹಾಕಿದ ಯಂತ್ರವನ್ನು ಕಿವಿಗೆ ಸಿಕ್ಕಿಸಿ ಕುರ್ಚಿಯಲ್ಲಿ ಕೂತರು. ಟೀಚರ್ ಮೇಜಿನ ಮೂಲೆ ಹಿಡಿದು ನಿಂತರು. ಸೆಕ್ರೆಟರಿ ಕೆಳಗೆ ಹೋಗಿ ಸ್ವಿಚ್ ಹಾಕಿ ಓಡಿ ಬಂದ.

ಇಲ್ಲೊಂದು ವಿಷಯ ಹೇಳಬೇಕು. ಈ ಇಂಜಿನ್‌ಗಳಿಗೆ ಒಂದೊಂದು ನಂಬರ್ ಇರುತ್ತದೆ. ಕಂಟ್ರೋಲರಿನಲ್ಲಿ ಯಾವ ನಂಬರ್ ಒತ್ತುತ್ತೇವೋ ಆ ಇಂಜಿನ್ ಮಾತ್ರ ಓಡುತ್ತದೆ. ಆದರೆ ಕಾರ್ಖಾನೆಯಿಂದ ಬರುವಾಗ ಎಲ್ಲದರ ನಂಬರೂ ಮೂರೇ. ಕೊಂಡವನು ಬದಲಾಯಿಸಿಕೊಳ್ಳಬೇಕು. ಗುಮಾಸ್ತನ ಬಳಿ ಮೊದಲಿಂದ ಇದ್ದ ಪುಟ್ಟ ಇಂಜಿನ್ ಒಂದು ಅದೇ ಹಳಿಯ ಆಚೆ ಬದಿಯಲ್ಲಿ ಇವರ ಕಡೆಗೇ ಮುಖ ಮಾಡಿ ನಿಂತಿತ್ತು. ಆಗ ಇದ್ದದ್ದು ಅದೊಂದೇ ಆದ್ದರಿಂದ ಅವನು ಅದರ ನಂಬರ್ ಬದಲಾಯಿಸಿರಲಿಲ್ಲ. ಹೊಸದರದ್ದನ್ನು ಬದಲಾಯಿಸಲು ಈ ಗಲಾಟೆಯಲ್ಲಿ ಮರೆತಿದ್ದ.

ಮೂರು ಒತ್ತಿದ. ಹೊಸ ಇಂಜಿನ್ ಸಿಳ್ಳೆ ಹಾಕಿ ಗಂಭೀರವಾಗಿ ಹೊರಟಿತು. ಅಪ್ಪ ಮುಂದೆ ಬಾಗಿದರು. ಅವರ ಮುಖ ನೋಡುತ್ತ ನಿಂತ ಗುಮಾಸ್ತನಿಗೆ ಆಚೆ ಬದಿಯಿಂದ ಹಳೆಯದೂ ಹೊರಟಿದ್ದು ಕಾಣಲಿಲ್ಲ.

"ರೀ, ಅಲ್ನೋಡಿ," ಎಂದು ಹೆಂಡತಿ ಅನ್ನುವಷ್ಟರಲ್ಲಿ ಎರಡೂ ಮುಖಾಮುಖಿ ಗುದ್ದಿಕೊಂಡವು. ಗುಮಾಸ್ತ ಗಾಬರಿಯಲ್ಲಿ ನಿಲ್ಲಿಸುವ ಬದಲು ವೇಗ ಹೆಚ್ಚಿಸಿದ. ಹೊಸ ಇಂಜಿನ್ ಮಗುಚಿ, ಮೇಜಿನ ಅಂಚಿಗೆ ಜಾರಿ, ಸೀದಾ ಟೀಚರ್ ಒಡ್ಡಿದ ಕೈಗಳಿಗೆ ಬಿತ್ತು.

"ಚಿಮಣಿ ಸೊಟ್ಟಗಾಗಿದೆ," ಎಂದು ಅವರು ಅದನ್ನು ಹಸುಗೂಸಿನ ಹಾಗೆ ಎತ್ತಿ ತೋರಿಸಿದರು.

ಹದಿನಾಲ್ಕು ಜನರ ಎದುರು, ಇಂಜಿನ್ ಡ್ರೈವರನ ಮಗ, ಮೇಜಿನ ಮೇಲೆ ಅಪಘಾತ ಮಾಡಿದ್ದ. ಅಪ್ಪನ ಕಡೆ ನೋಡುವ ಧೈರ್ಯವಾಗಲಿಲ್ಲ.

"ಹಳೇದನ್ನ ತೆಗ್ದಿಡು," ಅಂದರು ಅಪ್ಪ. "ಹೊಸದನ್ನ ಇನ್ನೊಂದ್ಸಲ ಓಡ್ಸು. ನಿಧಾನಕ್ಕೆ."

ಓಡಿಸಿದ. ಸೊಟ್ಟ ಚಿಮಣಿಯ ಇಂಜಿನ್ ಛಕ್ ಛಕ್ ಎನ್ನುತ್ತ ಸುತ್ತಿತು. ಅಪ್ಪ ಕಣ್ಣು ಮುಚ್ಚಿಕೊಂಡರು. ಕುರ್ಚಿಯ ಕೈಮೇಲೆ ಅವರ ಬೆರಳು ತಾಳ ಹಾಕತೊಡಗಿತು. ಒಂದು ಸುತ್ತು, ಎರಡು ಸುತ್ತು, ಐದು ಸುತ್ತು.

"ಇದು ಅದೇ," ಅಂದರು ಅಪ್ಪ. "ನಂಗೆ ಹನ್ನೊಂದು ವರ್ಷ ಕೊಟ್ಟಿದ್ದ ಇಂಜಿನ್ನೇ ಇದು. ಬೇರೆ ಯಾವುದೂ ಹೀಗೆ ಸದ್ದು ಮಾಡಲ್ಲ."

ಗುಮಾಸ್ತನ ಎದೆ ಹಿಗ್ಗಿತು. ಹೆಂಡತಿ ಕಣ್ಣೊರೆಸಿಕೊಂಡಳು. ಈಗ ಬಂತು, ಇನ್ನೇನು ಬಂದೇಬಿಟ್ಟಿತು ಆ ಮಾತು ಎಂದು ಅವನು ಮೈಯೆಲ್ಲ ಕಿವಿಯಾಗಿ ನಿಂತ.

"ಒಂದು ಪೇಪರು ಕೊಡು," ಅಂದರು ಅಪ್ಪ.

ಕೊಟ್ಟ. ಅಪ್ಪ ಮೊಣಕಾಲ ಮೇಲಿಟ್ಟುಕೊಂಡು ದುಂಡಗಿನ ಅಕ್ಷರದಲ್ಲಿ ಬರೆದರು. ಬಲಗಡೆಯ ವಾಲ್ವ್ ಕೆಟ್ಟಿದೆ. ಚಕ್ರ ಒಂದು ಸುತ್ತು ಬಂದಾಗ ಉಗಿಯ ನಾಲ್ಕು ಏಟು ಸಮನಾಗಿ ಕೇಳಿಸಬೇಕು, ನಾಲ್ಕನೆಯದು ಕುಂಟುತ್ತಿದೆ. ಸರಿಪಡಿಸುವ ತನಕ ಓಡಿಸಕೂಡದು.

"ಅಪ್ಪಾ, ಇದು ರೆಕಾರ್ಡಿಂಗು," ಅಂದ ಗುಮಾಸ್ತ.

"ಪ್ರತಿ ವಾರ ಇದನ್ನೇ ಬರೆದು ಇಂಜಿನ್ ಶೆಡ್ಡಿಗೆ ಕೊಡ್ತಿದ್ದೆ. ಹನ್ನೊಂದು ವರ್ಷ. ಆ ರಿಪೇರಿಯೋರು ಒಂದಿನಾನೂ ಮುಟ್ಲಿಲ್ಲ. ಏರಿನಲ್ಲಿ ಇದು ಹೆಣಗ್ತಿತ್ತು, ಲೇಟಾಗಿದ್ದಕ್ಕೆ ಬೈಸ್ಕೊಂಡಿದ್ದು ನಾನು. ರಿಟೈರಾದ್ಮೇಲೆ ಮರೆತು ನೆಮ್ಮದಿಯಾಗಿದ್ದೆ. ನೀನು ಹುಡುಕ್ಕೊಂಡು ಹೋಗಿ ಮನೆಗೇ ತಂದಿದ್ದೀಯ."

ಮತ್ತೆ ಸುತ್ತು ಬಂದ ಇಂಜಿನ್ನನ್ನು ಎಲ್ಲರೂ ಆಲಿಸಿದರು.

"ಹೌದು, ಕುಂಟ್ತಿದೆ," ಅಂದರು ಟೀಚರ್.

"ನಂಗೂ ಗೊತ್ತಾಗ್ತಿದೆ," ಅಂದ ಸೆಕ್ರೆಟರಿ. "ಇದನ್ನ ಈ ಸ್ಥಿತೀಲಿ ಓಡ್ಸೋದು ಸರಿಯಲ್ಲ."

ಜನ ಇಳಿದು ಹೋದ ಮೇಲೆ ಗುಮಾಸ್ತ ಇಂಜಿನ್ ಮಾರಿದ ಅಂಗಡಿಯವನಿಗೆ ಫೋನ್ ಮಾಡಿದ.

"ಅದು ದೋಷ ಅಲ್ಲ ಸಾರ್, ಅಸಲಿ ಸದ್ದು," ಅಂದ ಅಂಗಡಿಯವನು. "ಆ ಕುಂಟು ಕೇಳೋಕೇ ಜನ ಹುಡುಕ್ಕೊಂಡು ಬರ್ತಾರೆ. ಬೇಡ ಅಂದ್ರೆ ಬೇರೆ ಇಂಜಿನ್ನಿನ ಸದ್ದು ತುಂಬಿಕೊಡ್ತೀನಿ."

ಅಪ್ಪನಿಗೆ ಹೇಳಿದ. "ಇದರ ಹೊಟ್ಟೇಲಿ ಇನ್ನೊಂದರ ಸದ್ದಾ?" ಎಂದು ಅಪ್ಪ ಮುಖ ಕಿವುಚಿದರು. "ಅಂಥ ಮೋಸ ಬೇಡ. ಇದನ್ನೇ ರಿಪೇರಿ ಮಾಡ್ಸು."

"ಆಗಲ್ಲಪ್ಪಾ," ಅಂದ ಗುಮಾಸ್ತ. ದನಿ ಸೋತುಹೋಗಿತ್ತು. "ಇದು ಇರೋದೇ ಹೀಗಂತೆ. ಏನೂ ಮಾಡೋಕಾಗಲ್ವಂತೆ."

ಅಪ್ಪ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು, ಇವನನ್ನು ಎಲ್ಲೋ ನೋಡಿದ್ದೇನಲ್ಲ ಅನ್ನುವ ಹಾಗೆ.

"ಶೆಡ್ಡಿನೋರೂ ಹೀಗೇ ಹೇಳ್ತಿದ್ರು," ಅಂದರು. ಆಮೇಲೆ ಚೀಟಿಯನ್ನೂ ಪೆನ್ನನ್ನೂ ಅವನ ಮುಂದೆ ಚಾಚಿದರು. "ಅವರು ದೂರು ತಲುಪಿತು ಅಂತ ಸಹಿನಾದ್ರೂ ಮಾಡ್ತಿದ್ರು."

ಗುಮಾಸ್ತ ಸಹಿ ಮಾಡಿದ.