ಹದ್ದಿನ ಹೆಬ್ಬೆರಳು

ಎಲ್ಲಕ್ಕೂ ಮೂಲ ಅವನ ಬಲಗೈ ಹೆಬ್ಬೆರಳು. ಮೊಬೈಲ್ ಗೇಮಿನ ಪಂದ್ಯಗಳಲ್ಲಿ ಎದುರಾಳಿಗಳನ್ನು ಹುಡುಕಿ ಹುಡುಕಿ ಹೊಡೆದು 'ಹದ್ದು' ಎಂದು ಹೆಸರು ಮಾಡಿದ್ದ ಹುಡುಗ ಬೆಳಿಗ್ಗೆ ಎದ್ದು ನೋಡಿದರೆ ಅದು ಬದನೆಕಾಯಿಯಂತೆ ಊದಿಕೊಂಡಿತ್ತು. ವಿಶ್ರಾಂತಿ ಕೊಡದಿದ್ದರೆ ಬೆರಳು ಮಡಚಲಿಕ್ಕೇ ಬರುವುದಿಲ್ಲ ಎಂದು ಡಾಕ್ಟರು ಮೊದಲೇ ಹೆದರಿಸಿದ್ದರು.

ಸಂಬಳಕ್ಕೆ ಆಡುವ ಅವನ ತಂಡದವರೆಲ್ಲ ಒಂದೇ ಮನೆಯಲ್ಲಿದ್ದು, ಎದ್ದಾಗಿನಿಂದ ಮಲಗುವವರೆಗೆ ಅಭ್ಯಾಸ ಮಾಡಬೇಕಿತ್ತು. ಹದ್ದು ಮ್ಯಾನೇಜರ್ ಮುಂದೆ ಬೆರಳೆತ್ತಿ ತೋರಿಸಿದ.

"ಸರ್, ಇವತ್ತೊಂದು ದಿನ ರಜ ಬೇಕಿತ್ತು."

"ರಜಾನಾ?" ಮ್ಯಾನೇಜರ್ ಮನಸ್ಸಿಗೆ ನೋವಾದವನಂತೆ ಮುಖ ಮಾಡಿದ. "ನಾವೆಲ್ಲ ಒಂದೇ ಮನೆಯವರಲ್ವೇನೋ? ಮನೆಯವರ ಹತ್ರ ಯಾರಾದ್ರೂ ರಜ ಕೇಳ್ತಾರಾ? ಇನ್ನೊಂದು ಬೆರಳಲ್ಲಿ ಆಡು, ಹೋಗು."

ಹದ್ದಿಗೆ ಪಿತ್ತ ನೆತ್ತಿಗೇರಿತು. ಎಡಗೈಯಲ್ಲೇ ಕಾರ್ಮಿಕ ಕಚೇರಿಗೆ ಫೋನ್ ಮಾಡಿ ದೂರು ಕೊಟ್ಟ. ಸಾಕ್ಷಿಗಿರಲಿ ಎಂದು ಅಮ್ಮನನ್ನೂ ಕರೆಸಿಕೊಂಡ. ಮಗನ ಸಂಕಟ ಹೆತ್ತವಳಿಗಲ್ಲದೆ ಇನ್ಯಾರಿಗೆ ಗೊತ್ತಾದೀತು?

ಕಾರ್ಮಿಕ ಕಚೇರಿಯಲ್ಲಿ ಅವತ್ತು ಬೇರೆ ಕೆಲಸವಿರಲಿಲ್ಲವೋ ಏನೋ, ಮಧ್ಯಾಹ್ನವೇ ಅಧಿಕಾರಿ ಬಂದಿಳಿದರು. ಬಣ್ಣದ ದೀಪಗಳ ಕೆಳಗೆ, ಮೆತ್ತನೆಯ ಕುರ್ಚಿಗಳಲ್ಲಿ ಒರಗಿಕೊಂಡು ಕೂಗಾಡುತ್ತಿದ್ದ ಹುಡುಗರನ್ನು ನೋಡಿದರು.

"ಕೆಲಸಗಾರರು ಎಲ್ರೀ?"

"ಇಲ್ಲಿ ಕೆಲಸಗಾರರು ಯಾರೂ ಇಲ್ಲ ಸರ್," ಎಂದ ಮ್ಯಾನೇಜರ್. "ಮಕ್ಕಳು ಆಡ್ಕೊಂಡಿದ್ದಾರೆ."

"ಸುಳ್ಳು ಸರ್! ಹಗಲೂ ರಾತ್ರಿ ನಮ್ಮನ್ನ ದುಡಿಸ್ತಾರೆ!" ಹದ್ದು ಮುಂದೆ ಬಂದ.

"ಏನು ಕೆಲಸ ಮಾಡ್ತೀಯಪ್ಪ ನೀನು?"

"ಆಟ ಆಡ್ತೀನಿ ಸರ್."

ಉತ್ತರ ಹದ್ದಿಗೇ ಯಾಕೋ ಸಪ್ಪೆಯಾಗಿ ಕೇಳಿಸಿತು. ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. "ನನ್ನ ಮಗನೂ ಮನೇಲಿ ಅದನ್ನೇ ಮಾಡ್ತಾನೆ. ಅವನಿಗೂ ರಜ ಕೊಡಿಸ್ಲಾ?"

ಅಷ್ಟರಲ್ಲಿ ಅಮ್ಮ ಮುಲಾಮಿನ ಡಬ್ಬಿ ಹಿಡಿದು ಬಂದಳು. ಹದ್ದಿಗೆ ಹೋದ ಜೀವ ಬಂದಂತಾಯಿತು.

"ಅಮ್ಮಾ, ನಾನಿಲ್ಲಿ ಎಷ್ಟು ಕೆಲಸ ಮಾಡ್ತೀನಿ ಅಂತ ಸಾಹೇಬ್ರಿಗೆ ಹೇಳು!"

ಅಮ್ಮನ ಕಣ್ಣು ಆಗಲೇ ನೆಲದ ಮೇಲಿದ್ದ ಎಂಜಲು ಲೋಟಗಳ ಮೇಲಿತ್ತು. ಅವನ್ನು ಒಂದೊಂದಾಗಿ ಎತ್ತುತ್ತ ಹೇಳಿದಳು: "ಇವನಾ? ಕೆಲಸಾನಾ? ಸುಳ್ಳು ಹೇಳಿದ್ರೆ ನನ್ನ ನಾಲಿಗೆ ಬಿದ್ದುಹೋಗ್ಲಿ ಸಾಹೇಬ್ರೇ, ಹುಟ್ಟಿದಾಗಿಂದ ಒಂದು ಕಡ್ಡಿ ಎತ್ತಿ ಆ ಕಡೆ ಇಟ್ಟವನಲ್ಲ. ಆಡಿ ಆಡಿ ಬೆರಳು ಊದಿಸ್ಕೊಂಡಿದ್ದಾನೆ. ನೀವಾದ್ರೂ ನಾಲ್ಕು ಬುದ್ಧಿ ಹೇಳಿ. ಏಯ್, ಕಾಲೆತ್ತೋ, ಗುಡಿಸ್ಬೇಕು."

ದೂರು ಅಲ್ಲಿಗೆ ಮುಗಿಯಿತು. ಮ್ಯಾನೇಜರ್ ತರಿಸಿದ ಕಾಫಿ ಕುಡಿದು ಅಧಿಕಾರಿ ಏಳುವಷ್ಟರಲ್ಲಿ ಅಮ್ಮ ಹಾಲ್ ಗುಡಿಸಿ, ಲೋಟ ತೊಳೆದು, ಹುಡುಗರ ಬಟ್ಟೆಯೆಲ್ಲ ಮಡಚಿಟ್ಟಿದ್ದಳು. ಅಧಿಕಾರಿ ಬಾಗಿಲಲ್ಲೇ ನಿಂತು ಮ್ಯಾನೇಜರ್ ಕಡೆ ತಿರುಗಿದರು.

"ಕೆಲಸಗಾರರೇ ಇಲ್ಲ ಅಂದ್ರಲ್ರೀ? ಈಯಮ್ಮ ಮಾಡಿದ್ದು ಕೆಲಸ ಅಲ್ವಾ? ಇವರಿಗೆ ವಾರದ ರಜ ಕೊಡ್ತೀರಾ?"

"ಅವರು... ಮನೆಯವರಿದ್ದ ಹಾಗೆ ಸರ್," ಮ್ಯಾನೇಜರ್ ಬೆವರಿದ.

"ಕಥೆ ಹೇಳ್ಬೇಡಿ. ಕೆಲಸ ಮಾಡೋದನ್ನ ಕಣ್ಣಾರೆ ನೋಡಿದೀನಿ."

ಸಂಜೆಯೊಳಗೆ ಅಮ್ಮನಿಗೆ ಆ ಮನೆಯಲ್ಲೇ ಕೆಲಸ ಕಾಯಂ ಆಯಿತು. ದುಡಿಮೆಗೆ ಹೊತ್ತುಗೊತ್ತು, ಕಾಯಿಲೆ ಬಿದ್ದರೆ ರಜ, ವಾರಕ್ಕೊಂದು ದಿನ ಬಿಡುವು. ನ್ಯಾಯ ದೊರಕಿಸಿದ ಹೆಮ್ಮೆಯಲ್ಲಿ ಅಧಿಕಾರಿ ಹೊರಟುಹೋದರು. ಹದ್ದು ಬೆರಳಿಗೆ ಮುಲಾಮು ಬಳಿದುಕೊಂಡು ಅಭ್ಯಾಸಕ್ಕೆ ಕೂತ.

ಮರುದಿನ ಭಾನುವಾರ. ಅಮ್ಮ ಸೋಫಾದ ಮೇಲೆ ಕಾಲು ಚಾಚಿ ಮಲಗಿದ್ದಳು. ಸಿಂಕಿನ ತುಂಬ ಲೋಟಗಳಿದ್ದವು.

"ಹದ್ದು, ಅವನ್ನೊಂದಿಷ್ಟು ತೊಳ್ದುಬಿಡೋ," ಎಂದ ಮ್ಯಾನೇಜರ್.

ಹದ್ದು ಊದಿದ ಬೆರಳನ್ನು ಅಮ್ಮನ ಕಡೆ ಎತ್ತಿ ಹಿಡಿದ.

ಅಮ್ಮ ಅರೆಗಣ್ಣು ತೆರೆದು ಮಗ್ಗುಲು ಬದಲಾಯಿಸಿದಳು. "ನನಗಿವತ್ತು ರಜ ಕಣೋ. ನೀನು ಮನೆಯವನಲ್ವಾ, ತೊಳಿ ಹೋಗು."