ಕಾಂಡ್ಲಾ ಕೆಸರಿನ ಮರುವಾಯಿಗಳ ಸನ್ನಿಧಾನಕ್ಕೆ

ಮಾನ್ಯರೇ,

ಅಳಿವೆಯ ಕಾಂಡ್ಲಾ ಗಿಡಗಳ ಬುಡದಲ್ಲಿ, ಕೆಸರಿನೊಳಗೆ ಎರಡೂ ಚಿಪ್ಪು ಮುಚ್ಚಿಕೊಂಡು ಸುಖವಾಗಿರುವ ತಮಗೂ ತಮ್ಮ ಸಕಲ ಬಂಧುಬಳಗಕ್ಕೂ ತಮ್ಮ ಹಳೆಯ ಅಭಿಮಾನಿಯಾದ ಎಲೇನಳ ದೀರ್ಘದಂಡ ನಮಸ್ಕಾರಗಳು.

ಮೊದಲಿಗೆ ತಮ್ಮ ಹೊಸ ಶ್ರೀಮಂತಿಕೆಗೆ ಅಭಿನಂದನೆ. ಕಾಲೇಜಿನ ಮಕ್ಕಳು ತಮ್ಮ ಕೆಸರನ್ನು ಬಾಟಲಿಗೆ ತುಂಬಿ ಪರೀಕ್ಷೆ ಮಾಡಿದಾಗ ಅದರಲ್ಲಿ ಸೀಸ, ಕ್ಯಾಡ್ಮಿಯಂ, ಪಾದರಸ ಎಲ್ಲ ಉಂಟಂತೆ, ತಮ್ಮ ಹೊಟ್ಟೆಯಲ್ಲಿಯೂ ಉಂಟಂತೆ. ಅಬ್ಬಬ್ಬಾ! ನಾವು ಒಂದು ಜೊತೆ ಓಲೆಗೆ ಗಂಟೆಗಟ್ಟಲೆ ಚೌಕಾಸಿ ಮಾಡುವಾಗ, ಹೊಳೆಯ ಮೇಲಿನ ಕಾರ್ಖಾನೆಗಳವರು ತಮಗೆ ಪೈಪಿನಲ್ಲೇ ಇಷ್ಟು ಲೋಹವನ್ನು ಧರ್ಮಕ್ಕೆ ಕಳಿಸುತ್ತಾರೆಂದರೆ ತಮ್ಮ ಪುಣ್ಯ ಎಂಥದ್ದು ಮಾರಾಯ್ರೇ!

ಕಷ್ಟ ಬಂದದ್ದು ನನಗೆ. ಹೆರಿಗೆಗೆಂದು ತವರಿಗೆ ಬಂದ ಮಗಳು ಕ್ಯಾರಲ್‌ಗೆ ಈಗ ಏಳು ತಿಂಗಳು; ಬಹರೈನಿನಲ್ಲಿದ್ದಾಗಿನಿಂದ ಅವಳ ಬಯಕೆ ಒಂದೇ, ತೆಂಗಿನತುರಿ ಹಾಕಿ ಬಾಡಿಸಿದ ಮರುವಾಯಿ ಸುಕ್ಕ. ಡಾಕ್ಟರಮ್ಮ ಮಾತ್ರ, ಆ ಕೆಸರಿನದ್ದು ಮುಟ್ಟಬೇಡಿ, ಸೀಸ ಮಗುವಿಗೂ ಹೋಗುತ್ತದೆ ಎಂದು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು. ಅಷ್ಟರಲ್ಲಿ ಮನೆಮನೆಗೆ ಮೀನು ಮಾರುವ ನಮ್ಮ ವಾಡಿಕೆಯ ಗುಲಾಬಿ ತಮ್ಮನ್ನು ಹೊತ್ತು ತಂದು ಬುಟ್ಟಿ ಇಳಿಸಿಯಾಗಿತ್ತು. ನನ್ನ ಗಂಡ ಲಯನೆಲ್ ಸುಮ್ಮನಿರುವ ಪೈಕಿಯೇ? ಲೋಹವೆಂದ ಮೇಲೆ ಅಂಟಲೇಬೇಕೆಂದು ಫ್ರಿಜ್ಜಿನ ಬಾಗಿಲಿನಿಂದ ವೇಳಾಂಕಣಿ ಮಾತೆಯ ಅಯಸ್ಕಾಂತವನ್ನು ಕಿತ್ತು ತಂದು, ಜಪಸರ ಹೇಳುತ್ತ ತಮ್ಮ ಪಾತ್ರೆಯ ಮೇಲೆ ಸುತ್ತಿಸಿದ್ದೇ ಸುತ್ತಿಸಿದ್ದು. ಅಂಟಿದ್ದು ಪಾತ್ರೆ ಉಜ್ಜುವ ಸ್ಟೀಲ್ ನಾರಿನ ಒಂದು ಎಳೆ. ಅದನ್ನೇ ಸೀಸವೆಂದು ಕುಣಿದಾಡಿದ ಅಪ್ಪನನ್ನು ನೋಡಿ ಕ್ಯಾರಲ್ ಹೊಟ್ಟೆ ಹಿಡಿದುಕೊಂಡು ನಕ್ಕಳು, ಆಮೇಲೆ ಅತ್ತಳು.

ಆದ್ದರಿಂದ ತಮ್ಮಲ್ಲಿ ಬಿನ್ನಹವೇನೆಂದರೆ, ಇನ್ನು ಮುಂದೆ ದಯವಿಟ್ಟು ಸೀಸವನ್ನು ಎಡ ಚಿಪ್ಪಿನಲ್ಲೂ ಮಾಂಸವನ್ನು ಬಲ ಚಿಪ್ಪಿನಲ್ಲೂ ಇಟ್ಟುಕೊಂಡು ಬನ್ನಿ. ಅದಾಗದಿದ್ದರೆ ತಾವೆಲ್ಲ ಸೇರಿ ಪೈಪಿನ ತುದಿಗೆ ಕುಳಿತು, ಬಂದದ್ದನ್ನು ಬಂದಲ್ಲಿಗೇ ವಾಪಸು ಊದಿಬಿಡಿ. ಅದೂ ಆಗದಿದ್ದರೆ ಬೇಯುವಾಗ ಬಾಯಿಯನ್ನೇ ತೆರೆಯಬೇಡಿ. ಬೆಂದರೂ ಬಾಯಿ ತೆರೆಯದ ಮರುವಾಯಿಯನ್ನು ನಮ್ಮಲ್ಲಿ ಯಾರೂ ತಿನ್ನುವುದಿಲ್ಲ, ಆರಿಸಿ ಬಿಸಾಡುತ್ತಾರೆ ಎಂಬುದು ತಮಗೆ ಗೊತ್ತೇ ಉಂಟು.

ತೆಂಗಿನಕಾಯಿ ತುರಿದಿಟ್ಟು ಸುಮ್ಮನೆ ಕುಳಿತಿರುವ,
ತಮ್ಮ ವಿಶ್ವಾಸಿ,
ಎಲೇನ್, ಕೊಟ್ಟಾರ

ತಾ.ಕ.: ನಾವು ಬೇಡವೆಂದ ತಮ್ಮನ್ನು ಗುಲಾಬಿ, “ಬಿಸಾಡುವುದು ಎಂತಕ್ಕೆ ಅಮ್ಮ, ನಾವು ದಿನಾ ತಿನ್ನುವುದಲ್ವಾ” ಎಂದು ನಗುತ್ತ ಮನೆಗೆ ಒಯ್ದಳು, ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಅವಳ ಸೊಸೆಗೂ ಈಗ ಏಳು ತಿಂಗಳು. ಆ ಕಾರ್ಖಾನೆ ಮಾಲೀಕರ ಮನೆಯ ಔತಣಕ್ಕೆ ಹೋದ ದಿನ ಬೇಕಾದಷ್ಟು ಬಾಯಿ ತೆರೆಯಿರಿ, ಇವತ್ತು ಗುಲಾಬಿಯ ಒಲೆಯ ಮೇಲೆ ಮಾತ್ರ ಒಬ್ಬರೂ ತೆರೆಯಬೇಡಿ.