ಸೆಟ್ಟರ್ ಹುದ್ದೆಗೆ ಅರ್ಜಿ ಹಾಕಿದ ಹೆಲ್ಪರ್

ಫ್ಯಾಕ್ಟರಿಯ ಆಫೀಸಿನಲ್ಲಿ ಕೂತವನು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ನೋಟಿಸ್ ಬೋರ್ಡಿಗೆ ತಾನೇ ಅಂಟಿಸಿದ ಕಾಗದವನ್ನು ಇನ್ನೊಮ್ಮೆ ಓದಿಕೊಂಡರೆ ಸಾಕು. ಪೀಣ್ಯದಲ್ಲಿ ಪ್ಲಾಸ್ಟಿಕ್ ಮುಚ್ಚಳ ತಯಾರಿಸುವ ಫ್ಯಾಕ್ಟರಿಯೊಂದರಲ್ಲಿ ನಾನು ಪರ್ಸೊನೆಲ್ ಆಫೀಸರ್. ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವುದು, ರಜೆ ಬರೆದುಕೊಳ್ಳುವುದು, ಎರಡೂ ಕಡೆಯಿಂದ ಬೈಸಿಕೊಳ್ಳುವುದು ನನ್ನ ಕೆಲಸ. ಇಂಥ ನಗು ನನಗೆ ಆಗಾಗ ಬರುತ್ತದೆ. ಆಮೇಲೆ ಒಳಗೆಲ್ಲೋ ಚುಚ್ಚುತ್ತದೆ.

ಭಾರದ ಕೆಲಸ

ಹೋದ ವರ್ಷ ಸೆಟ್ಟರ್ ಹುದ್ದೆಯೊಂದು ಖಾಲಿಯಾಯಿತು. ಸೆಟ್ಟರ್ ಎಂದರೆ ಮೆಷಿನ್ನಿನ ಅಚ್ಚು ಬದಲಿಸಿ, ಶಾಖ ಸರಿಹೊಂದಿಸಿ, ಮುಚ್ಚಳ ನೆಟ್ಟಗೆ ಬರುವ ಹಾಗೆ ಮಾಡುವವನು. 'ಗಂಡಸರು ಮಾತ್ರ' ಎಂದು ಬರೆದು ನೋಟಿಸ್ ಅಂಟಿಸಿದೆ. ಅರ್ಧ ಗಂಟೆಯೊಳಗೆ ಅಕ್ಕ ಬಂದು ನಿಂತರು. ಕೊಪ್ಪಳದ ಕಡೆಯವರು, ಒಂಬತ್ತು ವರ್ಷದಿಂದ ನಮ್ಮಲ್ಲಿ ಹೆಲ್ಪರ್. ಫ್ಯಾಕ್ಟರಿಯಲ್ಲಿ ಎಲ್ಲರೂ ಅವರನ್ನು ಅಕ್ಕ ಎಂದೇ ಕರೆಯುವುದು.

"ಹೆಂಗಸರು ಯಾಕ ಬ್ಯಾಡ್ರಿ ಸರ?"

"ಅಚ್ಚು ತುಂಬಾ ಭಾರ ಕಣಮ್ಮ. ಎತ್ತಕ್ಕಾಗಲ್ಲ."

"ಅದನ್ನ ಯಾರು ಎತ್ತತಾರ್ರಿ? ಸರಪಳಿ ಎತ್ತತೈತಿ. ಬಂದು ನೋಡ್ರಿ."

ಹೋಗಿ ನೋಡಿದೆ. ನಿಜ. ಗಂಡಸರು ಪುಲ್ಲಿಯ ಸರಪಳಿ ಎಳೆಯುತ್ತಿದ್ದರು, ಅಚ್ಚು ಆರಾಮವಾಗಿ ಮೇಲೇರುತ್ತಿತ್ತು. ಅಷ್ಟರಲ್ಲಿ ಅಕ್ಕ ಪ್ಲಾಸ್ಟಿಕ್ ಕಾಳಿನ ಮೂಟೆಯೊಂದನ್ನು ಹೆಗಲಿಗೇರಿಸಿಕೊಂಡು ನನ್ನ ಪಕ್ಕದಲ್ಲೇ ಹಾದು ಹೋದರು. ಇಪ್ಪತ್ತೈದು ಕೆಜಿ. ಅದು ಹೆಲ್ಪರ್ ಕೆಲಸ. ನಮ್ಮ ಕಡತದಲ್ಲಿ ಅದಕ್ಕೆ 'ಹಗುರ ಕೆಲಸ' ಎಂದು ಹೆಸರು. ಬರೆದವನು ನಾನೇ.

ಅನುಭವ

'ಗಂಡಸರು ಮಾತ್ರ' ಎಂಬುದನ್ನು ಹೊಡೆದುಹಾಕಿದೆ. ದೊಡ್ಡ ಸುಧಾರಣೆ ಮಾಡಿದವನ ಹಾಗೆ ಅವತ್ತು ಒಂದು ಕಾಫಿ ಹೆಚ್ಚಿಗೆ ಕುಡಿದೆ. ಅಕ್ಕ ಅರ್ಜಿ ಕೊಟ್ಟರು. ಮ್ಯಾನೇಜರ್ ಅದನ್ನು ನೋಡಿ, "ಆಪರೇಟರ್ ಆಗಿ ಐದು ವರ್ಷ ಅನುಭವ ಇರ್ಬೇಕಲ್ರೀ. ಇದ್ರಲ್ಲಿ ಹೆಲ್ಪರ್ ಅಂತಿದೆ" ಎಂದರು. ಹೆಂಗಸರನ್ನು ಆಪರೇಟರ್ ಎಂದು ನಾವು ತೆಗೆದುಕೊಂಡದ್ದೇ ಇಲ್ಲ.

ಅಕ್ಕನಿಗೆ ಹೇಳಿದೆ. ಅವರು ಸಿಟ್ಟಾಗಲಿಲ್ಲ. "ಹೆಲ್ಪರ್ ಅಂತನ ಇರಲಿ ಸರ. ಆದ್ರ ಯಾರ್ಯಾರಿಗೆ ಹೆಲ್ಪ್ ಮಾಡೀನಿ ಅಂತನೂ ಬರೀರಿ" ಎಂದು, ತಮ್ಮಿಂದ ಮೆಷಿನ್ನಿಗೆ ಅಚ್ಚು ಕಟ್ಟುವುದನ್ನು ಕಲಿತವರ ಹೆಸರು ಹೇಳತೊಡಗಿದರು. ಹದಿನಾಲ್ಕು ಗಂಡಸರು. ಅದರಲ್ಲಿ ಮೂವರು ಇದೇ ಹುದ್ದೆಗೆ ಅರ್ಜಿ ಹಾಕಿದ್ದರು.

ಆಮೇಲೆ ದನಿ ಸಣ್ಣದು ಮಾಡಿ, "ಮಗಳ ಸಾಲಿ ಫಾರಂನಾಗ ತಾಯಿ ಉದ್ಯೋಗ ಅಂತ ಇರತೈತ್ರಿ. ಈ ವರ್ಷ ಅಲ್ಲಿ ಸೆಟ್ಟರ್ ಅಂತ ಬರಸಬೇಕಂತ ಭಾಳ ಆಸೆ ಇತ್ತು" ಎಂದರು.

ನನಗೆ ನಾಚಿಕೆಯಾಯಿತು. "ಅಷ್ಟು ಹೆಸರು ಬರೆಯೋಕೆ ನಮ್ಮ ಫಾರಂನಲ್ಲಿ ಜಾಗ ಇಲ್ಲಮ್ಮ" ಎಂದೆ.

ಬಾಯಿ ಪರೀಕ್ಷೆ

ಆ ಮೂವರನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದೆವು. ಮ್ಯಾನೇಜರ್ ಹಿಂದಿನ ದಿನವೇ ಯೋಚಿಸಿಟ್ಟಿದ್ದ ಪ್ರಶ್ನೆ ಕೇಳಿದರು: "ಅಚ್ಚಿನೊಳಗೆ ಮುಚ್ಚಳ ಸಿಕ್ಕಾಕ್ಕೊಂಡು ಮೆಷಿನ್ ನಿಂತೋಯ್ತು. ಮೊದ್ಲು ಏನ್ ಮಾಡ್ತೀಯಾ?"

ಮೊದಲನೆಯವನು ಒಂದು ಕ್ಷಣವೂ ಯೋಚಿಸಲಿಲ್ಲ. "ಅಕ್ಕನ್ನ ಕರೀತೀನಿ ಸಾರ್."

ಮ್ಯಾನೇಜರ್ ನಕ್ಕರು. ಎರಡನೆಯವನೂ ಅದನ್ನೇ ಹೇಳಿದಾಗ ಸ್ವಲ್ಪ ಕಡಿಮೆ ನಕ್ಕರು. ಮೂರನೆಯವನೂ ಅದನ್ನೇ ಹೇಳಿ ಹೋದ ಮೇಲೆ ಪೆನ್ನು ಕೆಳಗಿಟ್ಟರು. "ಪ್ರಶ್ನೆ ಲೀಕಾಗಿದೆ ಕಣ್ರೀ. ಮೂರು ಜನಕ್ಕೂ ಒಂದೇ ಉತ್ತರ ಹೆಂಗ್ ಬರತ್ತೆ? ವಿಚಾರಣೆ ಮಾಡಿ ವರದಿ ಕೊಡಿ."

ಮಾಡಿದೆ. ಮೂವರನ್ನೂ ಬೇರೆ ಬೇರೆ ಕೂರಿಸಿ ಕೇಳಿದೆ. "ಯಾರೂ ಹೇಳ್ಕೊಟ್ಟಿಲ್ಲ ಸಾರ್. ದಿನಾ ಮಾಡೋದೇ ಅದು" ಎಂದರು. ನನ್ನ ವರದಿ ಎರಡೇ ಸಾಲಿನದು: 'ಪ್ರಶ್ನೆ ಲೀಕ್ ಆಗಿಲ್ಲ. ಮೂವರ ಉತ್ತರವೂ ಸರಿಯಾಗಿದೆ.' ಅದರ ಜತೆ ಅಕ್ಕನ ಅರ್ಜಿಯನ್ನೂ ಪಿನ್ ಮಾಡಿ ಮ್ಯಾನೇಜರರ ಮೇಜಿನ ಮೇಲಿಟ್ಟೆ.

ಅವರು ವರದಿಯನ್ನು ಎರಡು ಸಲ ಓದಿದರು. ಅರ್ಜಿಯನ್ನೂ ಹಿಂದೆ ಮುಂದೆ ತಿರುವಿ ನೋಡಿದರು. ಕೆಟ್ಟ ಮನುಷ್ಯರಲ್ಲ, ಬಹಳ ಹೊತ್ತು ನಿಜವಾಗಿಯೂ ಯೋಚನೆ ಮಾಡಿದರು. ನನಗೂ ಆಸೆ ಚಿಗುರಿತು. ಕೊನೆಗೆ ತಲೆಯೆತ್ತಿ ಹೇಳಿದರು:

"ಸರಿ ಕಣ್ರೀ. ಹಾಗಾದ್ರೆ ಈ ಮೂವರಲ್ಲಿ ಯಾರು ಕರೆದ್ರೆ ಅಕ್ಕ ಬೇಗ ಬರ್ತಾರೆ ಅಂತ ವಿಚಾರಿಸಿ. ಅವನನ್ನೇ ತಗೊಳ್ಳೋಣ."